ಲಕ್ಷಣವೂ ಲಕ್ಷ್ಯವೂ: ಸ್ವಭಾವಪರೀಕ್ಷೆಗಳ ವಿಚಾರ

ಕಂಡ ವಸ್ತುಗಳನ್ನು ಗುಂಪುಗಳಾಗಿ ವಿಂಗಡಿಸಿ ಒಂದೊಂದು ಗುಂಪಿಗೂ ಒಂದೊಂದು ಹೆಸರನ್ನಿಡದೆ ಮನುಷ್ಯನ ಬುದ್ಧಿಯು ಒಂದು ಹೆಜ್ಜೆಯನ್ನೂ ಮುಂದಿಡಲಾರದು. ರೈತನು ಮಣ್ಣನ್ನು ಕೆಂಪು, ಕಪ್ಪು, ಮರಳು ಎಂದು ವಿಂಗಡಿಸಿದಲ್ಲದೆ ಬಿತ್ತಲಾರನು. ವೈದ್ಯನು ಜ್ವರದ ಬಗೆಯನ್ನು ನಿಶ್ಚಯಿಸಿದಲ್ಲದೆ ಔಷಧವನ್ನು ಕೊಡಲಾರನು. ಉಪಾಧ್ಯಾಯನು ಮಕ್ಕಳನ್ನು ತರಗತಿಗಳಾಗಿ ಕೂರಿಸಿದಲ್ಲದೆ ಪಾಠವನ್ನು ಹೇಳಲಾರನು. ಆದುದರಿಂದ ವರ್ಗೀಕರಣವೇ ಒಂದು ದೋಷವೆಂಬುದು ವಿಚಾರವಂತರು ಒಪ್ಪತಕ್ಕ ಮಾತಲ್ಲ. ಆದರೆ ಮಣ್ಣಿಗೂ ಜ್ವರಕ್ಕೂ ಇಲ್ಲದ ಒಂದು ವಿಶೇಷವು ಮನುಷ್ಯನಿಗುಂಟು. ಮಣ್ಣಿಗೆ ಕಪ್ಪೆಂದು ಹೆಸರಿಟ್ಟರೆ ಅದು ಆ ಹೆಸರನ್ನು ಕೇಳಿ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಮನುಷ್ಯನಾದರೋ ತನಗಿಟ್ಟ ಹೆಸರನ್ನು ಕೇಳುತ್ತಾನೆ, ನಂಬುತ್ತಾನೆ, ಕೆಲವು ವೇಳೆ ಆ ಹೆಸರಿನಂತೆಯೇ ಆಗಿಬಿಡುತ್ತಾನೆ. ಇತರರೂ ಆ ಹೆಸರನ್ನು ನೋಡಿ ಅವನಿಗೆ ಬಾಗಿಲನ್ನು ತೆರೆಯುತ್ತಾರೆ ಇಲ್ಲವೆ ಮುಚ್ಚುತ್ತಾರೆ. ಹೀಗಿರುವಲ್ಲಿ ಮನುಷ್ಯರನ್ನು ವರ್ಗೀಕರಿಸುವ ಕಾರ್ಯವು ಕೇವಲ ಜ್ಞಾನದ ವಿಷಯವಾಗಿ ಉಳಿಯದೆ ಧರ್ಮದ ವಿಷಯವೂ ಆಗುತ್ತದೆ. ಈ ಪ್ರಶ್ನೆಯನ್ನು ನಮ್ಮ ಕಾಲದ ಒಂದು ನಿದರ್ಶನವನ್ನು ಹಿಡಿದು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶವಾಗಿದೆ.

ಈಗ ಕಾಲೇಜುಗಳಲ್ಲಿಯೂ ಉದ್ಯೋಗಶಾಲೆಗಳಲ್ಲಿಯೂ ‘ಸ್ವಭಾವಪರೀಕ್ಷೆ’ ಎಂಬುದೊಂದು ಬಳಕೆಗೆ ಬಂದಿದೆ. ಕೆಲವು ಹತ್ತು ಪ್ರಶ್ನೆಗಳ ಒಂದು ಪಟ್ಟಿಯನ್ನು ಕೊಡುತ್ತಾರೆ. ‘ಸಭೆಯಲ್ಲಿ ನೀನು ತಾನಾಗಿ ಮಾತನಾಡಿಸುವವನೋ, ಇತರರು ಮಾತನಾಡಿಸಲಿ ಎಂದು ಕಾಯುವವನೋ?’ ಎಂಬ ಬಗೆಯ ಪ್ರಶ್ನೆಗಳಿಗೆ ಎರಡರಲ್ಲಿ ಒಂದು ಉತ್ತರವನ್ನು ಗುರುತು ಮಾಡಬೇಕು. ಗುರುತುಗಳನ್ನು ಕೂಡಿಸಿ, ನೀನು ಇಂಥ ವರ್ಗದವನು ಎಂದು ಹೇಳಿಬಿಡುತ್ತಾರೆ. ಇವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಅಮೆರಿಕೆಯ ಕ್ಯಾಥರೀನ್ ಬ್ರಿಗ್ಸ್ ಎಂಬವರೂ ಅವರ ಮಗಳಾದ ಇಸಬೆಲ್ ಮೈಯರ್ಸ್ ಎಂಬವರೂ ರಚಿಸಿದ ಪ್ರಶ್ನಾವಳಿ. ಸ್ವಿಟ್ಜರ್ಲೆಂಡಿನ ಕಾರ್ಲ್ ಯೂಂಗ್ ಎಂಬ ಪಂಡಿತನು ೧೯೨೧ರಲ್ಲಿ ಪ್ರಕಟಿಸಿದ ಸ್ವಭಾವಭೇದಗಳ ಗ್ರಂಥವು ೧೯೨೩ರಲ್ಲಿ ಇಂಗ್ಲಿಷಿಗೆ ಬಂದಾಗ ತಾಯಿಯು ಅದನ್ನು ಓದಿ ಮಾರುಹೋದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಹೊಸದಾಗಿ ಕಾರ್ಖಾನೆಗಳಿಗೆ ಬಂದ ಸ್ತ್ರೀಯರಿಗೆ ಅವರವರ ಸ್ವಭಾವಕ್ಕೆ ಹೊಂದುವ ಕೆಲಸವು ದೊರೆಯಲಿ ಎಂಬ ಸದುದ್ದೇಶದಿಂದ ಮಗಳು ಪ್ರಶ್ನೆಗಳನ್ನು ಹೊಸೆದರು. ೧೯೬೨ರಲ್ಲಿ ಅದು ಒಂದು ದೊಡ್ಡ ಪರೀಕ್ಷಾ ಸಂಸ್ಥೆಯ ಮೂಲಕ ಪ್ರಕಟವಾಯಿತು. ಬಹಿರ್ಮುಖ-ಅಂತರ್ಮುಖ, ಇಂದ್ರಿಯಪ್ರಧಾನ-ಸ್ಫುರಣಪ್ರಧಾನ, ವಿಚಾರಪ್ರಧಾನ-ಭಾವಪ್ರಧಾನ, ನಿರ್ಣಯಪ್ರಿಯ-ಅವಲೋಕನಪ್ರಿಯ ಎಂಬ ನಾಲ್ಕು ಜೋಡಿಗಳಿಂದ ಹದಿನಾರು ವರ್ಗಗಳು ಅದರಲ್ಲಿ ಸಿದ್ಧವಾಗುತ್ತವೆ. ಈ ಇಬ್ಬರು ಮಹಿಳೆಯರೂ ಮನಶ್ಶಾಸ್ತ್ರವನ್ನು ಕ್ರಮವಾಗಿ ಅಭ್ಯಾಸ ಮಾಡಿದವರಲ್ಲವೆಂಬುದನ್ನೂ, ಜನರಿಗೆ ಚೀಟಿಯನ್ನು ಅಂಟಿಸುವುದು ತನ್ನ ಉದ್ದೇಶವಲ್ಲವೆಂದು ಸ್ವತಃ ಯೂಂಗನೇ ಎಚ್ಚರಿಸಿದ್ದನೆಂಬುದನ್ನೂ ಇಲ್ಲಿ ಹೇಳಬೇಕು.

ಇನ್ನೊಂದು ಹೆಸರಿನ ಚರಿತ್ರೆಯೂ ಇದೇ ಮನೆಯಿಂದ ಹೊರಟಿತು. ಯೂಂಗನು ೧೯೦೦ರಿಂದ ೧೯೦೯ರವರೆಗೆ ಜೂರಿಕ್ ನಗರದ ಮನೋರೋಗಾಲಯದಲ್ಲಿ ಆಯ್ಗನ್ ಬ್ಲಾಯ್ಲರ್ ಎಂಬ ವೈದ್ಯನ ಕೈಕೆಳಗೆ ಕೆಲಸ ಮಾಡಿದನು. ಆ ಬ್ಲಾಯ್ಲರನೇ ೧೯೧೧ರ ತನ್ನ ಗ್ರಂಥದಲ್ಲಿ, ಹೊರಗಿನ ಲೋಕವನ್ನು ಬಿಟ್ಟು ತನ್ನೊಳಗೇ ಸೇರಿಕೊಂಡ ರೋಗಿಯ ಸ್ಥಿತಿಗೆ, ‘ತಾನು’ ಎಂಬ ಅರ್ಥದ ಗ್ರೀಕ್ ಶಬ್ದದಿಂದ ‘ಆಟಿಸಂ’ ಎಂಬ ಹೆಸರನ್ನು ಕೊಟ್ಟವನು. ಅನಂತರ ೧೯೪೩ರಲ್ಲಿ ಅಮೆರಿಕೆಯ ಬಾಲ್ಟಿಮೋರ್ ನಗರದ ಲಿಯೋ ಕ್ಯಾನರ್ ಎಂಬ ವೈದ್ಯನು ಹನ್ನೊಂದು ಮಕ್ಕಳ ವೃತ್ತಾಂತವನ್ನೂ, ೧೯೪೪ರಲ್ಲಿ ವಿಯೆನ್ನಾ ನಗರದ ಹಾನ್ಸ್ ಆಸ್ಪರ್ಗರ್ ಎಂಬವನು ನಾಲ್ವರು ಹುಡುಗರ ವೃತ್ತಾಂತವನ್ನೂ ಪ್ರಕಟಿಸಿ, ಅದೇ ಶಬ್ದವನ್ನು ಬೇರೆಯೇ ಒಂದು ಅರ್ಥದಲ್ಲಿ ಬಳಸಿದರು. ಇವರಿಬ್ಬರಿಗೂ ಮೊದಲೇ, ೧೯೨೬ರಲ್ಲಿ, ರಷ್ಯದ ಗ್ರೂನ್ಯಾ ಸುಖರೇವಾ ಎಂಬ ವೈದ್ಯೆಯು ಇಂಥ ಆರು ಹುಡುಗರನ್ನು ವರ್ಣಿಸಿದ್ದರು. ಕನ್ನಡದಲ್ಲಿ ಇದನ್ನು ‘ಸ್ವಲೀನತೆ’ ಎನ್ನುವ ರೂಢಿಯಿದೆ. ಶಬ್ದವು ಇಂಪಾಗಿದ್ದರೂ ಅದು ಬ್ಲಾಯ್ಲರನ ಹಳೆಯ ಅರ್ಥವನ್ನೇ ಹೊತ್ತು ತರುತ್ತದೆ: ಇವರು ತಮ್ಮಲ್ಲೇ ಲೀನರಾದವರು, ಹೊರಗಿನವರು ಬೇಡವಾದವರು ಎಂಬ ಭ್ರಮೆಯನ್ನು ಹುಟ್ಟಿಸುತ್ತದೆ. ವಸ್ತುಸ್ಥಿತಿಯು ಹಾಗಲ್ಲ. ಇತರರೊಡನೆ ಸಂಪರ್ಕವನ್ನು ನಡೆಸುವ ರೀತಿಯಲ್ಲಿ ಭೇದ, ಒಂದೇ ಕ್ರಮದಲ್ಲಿಯೂ ಒಂದೇ ವಿಷಯದಲ್ಲಿಯೂ ಗಾಢವಾದ ಆಸಕ್ತಿ, ಶಬ್ದ, ಬೆಳಕು, ಸ್ಪರ್ಶ ಮೊದಲಾದವುಗಳಲ್ಲಿ ಸಾಮಾನ್ಯರಿಗಿಂತ ಹೆಚ್ಚಿನ ಅಥವಾ ಕಡಮೆಯ ಸಂವೇದನೆ, ಇವು ಹುಟ್ಟಿನಿಂದಲೇ ಬಂದ ಮನೋರಚನೆಯ ಲಕ್ಷಣಗಳು. ಮಾತೇ ಬಾರದವರೂ ಇವರಲ್ಲುಂಟು, ಮಹಾವಿದ್ವಾಂಸರೂ ಉಂಟು. ಆದುದರಿಂದ ಈ ಲೇಖನದಲ್ಲಿ ಆಟಿಸಂ ಎಂಬ ಶಬ್ದವನ್ನೇ ಇಟ್ಟುಕೊಳ್ಳುತ್ತೇವೆ.

ಒಂದೇ ಆಸ್ಪತ್ರೆಯಿಂದ ಹೊರಟ ಈ ಎರಡು ಹೆಸರುಗಳು ನೂರು ವರ್ಷಗಳ ಅನಂತರ ಪರೀಕ್ಷಾಪತ್ರಿಕೆಯ ಮೇಲೆ ಎದುರುಬದುರಾಗಿ ನಿಂತಿವೆ. ಆಟಿಸಂ ಉಳ್ಳ ಒಬ್ಬ ಯುವಕನೋ ಯುವತಿಯೋ ಈ ಪ್ರಶ್ನೆಗಳಿಗೆ ಉತ್ತರಿಸಿದಾಗ ದೊರೆಯುವ ಫಲವು ನಂಬತಕ್ಕದ್ದೇ? ನಂಬಿ ನಡೆದರೆ ಅದು ನ್ಯಾಯವೇ?

ತರ್ಕಸಂಗ್ರಹವನ್ನು ಓದಿದವರಿಗೆ ಲಕ್ಷಣದ ಮೂರು ದೋಷಗಳು ಪರಿಚಿತವಾಗಿಯೇ ಇವೆ. ಗೋವಿಗೆ ಕಪಿಲವರ್ಣವೇ ಲಕ್ಷಣವೆಂದರೆ ಬಿಳಿಯ ಹಸುವು ಬಿಟ್ಟುಹೋಗುತ್ತದೆ, ಅದು ಅವ್ಯಾಪ್ತಿ. ಕೊಂಬಿರುವುದೇ ಲಕ್ಷಣವೆಂದರೆ ಎಮ್ಮೆಯೂ ಒಳಗೆ ಬರುತ್ತದೆ, ಅದು ಅತಿವ್ಯಾಪ್ತಿ. ಒಂಟಿಗೊರಸೇ ಲಕ್ಷಣವೆಂದರೆ ಒಂದು ಹಸುವೂ ಸಿಕ್ಕುವುದಿಲ್ಲ, ಅದು ಅಸಂಭವ. ಲಕ್ಷ್ಯಕ್ಕೆ ಸರಿಯಾಗಿ ಲಕ್ಷಣವನ್ನು ಹೇಳಬೇಕೇ ಹೊರತು ಲಕ್ಷಣಕ್ಕೆ ಸರಿಯಾಗಿ ಲಕ್ಷ್ಯವನ್ನು ಕತ್ತರಿಸಬಾರದು. ಈ ಒರೆಗಲ್ಲಿಗೆ ಹಚ್ಚಿ ನೋಡಿದರೆ, ಆಟಿಸಂ ಇಲ್ಲದ ಸಾಮಾನ್ಯರ ವಿಷಯದಲ್ಲಿಯೂ ಈ ಹದಿನಾರು ವರ್ಗಗಳು ಗಟ್ಟಿಯಾಗಿ ನಿಲ್ಲುವುದಿಲ್ಲ. ಮನುಷ್ಯರಲ್ಲಿ ಬಹುಮಂದಿ ಎತ್ತರದಲ್ಲಿ ಹೇಗೋ ಹಾಗೆ ಸ್ವಭಾವದಲ್ಲಿಯೂ ಮಧ್ಯದಲ್ಲಿರುವವರು. ಮಧ್ಯದಲ್ಲಿ ಒಂದು ಗೆರೆಯನ್ನೆಳೆದು ಆಚೆಯವರು ಉದ್ದ, ಈಚೆಯವರು ಗಿಡ್ಡ ಎಂದರೆ, ಗೆರೆಯ ಬಳಿ ನಿಂತವರು ಇಂದು ಒಂದು ಕಡೆಗೂ ಮುಂದಿನ ತಿಂಗಳು ಇನ್ನೊಂದು ಕಡೆಗೂ ಬೀಳುವುದು ಸಹಜ. ಮತ್ತೊಮ್ಮೆ ಉತ್ತರಿಸಿದವರಲ್ಲಿ ಅನೇಕರಿಗೆ ಬೇರೆ ವರ್ಗವು ಬರುವುದುಂಟು. ಅಮೆರಿಕೆಯ ರಾಷ್ಟ್ರೀಯ ಸಂಶೋಧನ ಮಂಡಲಿಯ ಒಂದು ಸಮಿತಿಯು ೧೯೯೧ರಲ್ಲಿ ಇದನ್ನು ವಿಚಾರಿಸಿ, ವೃತ್ತಿಯ ವಿಷಯದಲ್ಲಿ ಸಲಹೆ ಕೊಡುವುದಕ್ಕೆ ಈ ಪ್ರಶ್ನಾವಳಿಯನ್ನು ಆಧಾರವಾಗಿಟ್ಟುಕೊಳ್ಳುವಷ್ಟು ಪ್ರಮಾಣವಿಲ್ಲವೆಂದು ಅಭಿಪ್ರಾಯಪಟ್ಟಿತು.

ಹಾಗಾದರೆ ಜನರು ಇದನ್ನು ಏಕೆ ಇಷ್ಟು ನಂಬುತ್ತಾರೆ? ಬರ್ಟ್ರಾಂ ಫೋರರ್ ಎಂಬ ಅಧ್ಯಾಪಕನು ೧೯೪೯ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವು ಇದಕ್ಕೆ ಉತ್ತರ ಕೊಡುತ್ತದೆ. ಅವನು ತನ್ನ ಮೂವತ್ತೊಂಬತ್ತು ಮಂದಿ ವಿದ್ಯಾರ್ಥಿಗಳಿಗೆ ಸ್ವಭಾವಪರೀಕ್ಷೆಯನ್ನು ನಡೆಸಿ, ಅನಂತರ ಪ್ರತಿಯೊಬ್ಬನಿಗೂ ಅವನವನ ಸ್ವಭಾವವರ್ಣನೆಯೆಂದು ಒಂದೊಂದು ಚೀಟಿಯನ್ನು ಕೊಟ್ಟನು. ಅದು ಎಷ್ಟು ಸರಿಯಾಗಿದೆಯೆಂಬುದಕ್ಕೆ ಅವರು ಐದಕ್ಕೆ ಸರಾಸರಿ ನಾಲ್ಕಕ್ಕಿಂತ ಹೆಚ್ಚು ಅಂಕಗಳನ್ನು ಕೊಟ್ಟರು. ಎಲ್ಲರ ಚೀಟಿಯಲ್ಲಿಯೂ ಇದ್ದದ್ದು ಒಂದೇ ಬರವಣಿಗೆ. ಅದರ ವಾಕ್ಯಗಳು ಬಹುಮಟ್ಟಿಗೆ ಅಂಗಡಿಯಲ್ಲಿ ದೊರೆಯುವ ಒಂದು ಜ್ಯೋತಿಷ್ಯದ ಪುಸ್ತಕದವು! ರಾಶಿಫಲವನ್ನು ಓದಿ ‘ನನಗೇ ಬರೆದಂತಿದೆ’ ಎನ್ನುವವರು ನಮ್ಮ ಮನೆಗಳಲ್ಲಿಯೂ ಇಲ್ಲದಿಲ್ಲ. ಸವಿಯಾದ ಅತಿವ್ಯಾಪ್ತಿಯನ್ನು ಯಾರೂ ದೋಷವೆಂದು ಎಣಿಸುವುದಿಲ್ಲ.

ಇಷ್ಟು ಸಾಮಾನ್ಯ ವಿಚಾರವಾಯಿತು. ಆಟಿಸಂ ಉಳ್ಳವರ ವಿಷಯದಲ್ಲಿ ಇದಕ್ಕಿಂತ ಆಳವಾದ ತೊಡಕುಗಳುಂಟು. ಮೊದಲನೆಯದು ಹೇತುವಿನ ತೊಡಕು. ಈ ಪರೀಕ್ಷೆಗಳು ಹೊರಗಿನ ನಡತೆಯನ್ನು ಕೇಳಿ ಒಳಗಿನ ಸ್ವಭಾವವನ್ನು ಊಹಿಸುತ್ತವೆ. ಹೊಗೆಯಿಂದ ಬೆಂಕಿಯನ್ನು ಊಹಿಸುವುದು ಸರಿ, ಏತಕ್ಕೆಂದರೆ ಬೆಂಕಿಯಿಲ್ಲದೆಡೆಯಲ್ಲಿ ಹೊಗೆಯಿಲ್ಲ. ಆದರೆ ಬೆಂಕಿಯಿಂದ ಹೊಗೆಯನ್ನು ಊಹಿಸುವುದು ತಪ್ಪು. ಕಾದ ಕಬ್ಬಿಣದಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ. ಹಸಿಯ ಸೌದೆಯೆಂಬ ಉಪಾಧಿಯು ಕೂಡಿದಾಗ ಮಾತ್ರ ಹೊಗೆಯು ಹುಟ್ಟುತ್ತದೆ. ‘ಇವನು ಜನರ ಗುಂಪಿನಿಂದ ದೂರ ಹೋಗುತ್ತಾನೆ, ಆದುದರಿಂದ ಅಂತರ್ಮುಖಿ’ ಎಂಬ ಅನುಮಾನವೂ ಹಾಗೆಯೇ ಸೋಪಾಧಿಕವಾದುದು. ನಮ್ಮ ಶಾಲೆಯಲ್ಲಿ ಒಬ್ಬ ಹುಡುಗನಿದ್ದನು. ಬೆಳಗಿನ ಪ್ರಾರ್ಥನೆಗೆ ಇನ್ನೂರು ಮಕ್ಕಳು ಸೇರಿ ಗಂಟೆ ಬಾರಿಸಿದೊಡನೆ ಕಿವಿಗಳನ್ನು ಮುಚ್ಚಿಕೊಂಡು ಗೋಡೆಯ ಮೂಲೆಯನ್ನು ಸೇರುತ್ತಿದ್ದನು. ಅದೇ ಹುಡುಗನು ಸಂಜೆ ಹೊಂಗೆಯ ಮರದ ಕೆಳಗೆ ಐದಾರು ಚಿಕ್ಕ ಮಕ್ಕಳನ್ನು ಕೂರಿಸಿಕೊಂಡು ಇರುವೆಗಳ ಸಾಲು ಹೇಗೆ ದಾರಿ ತಪ್ಪದೆ ನಡೆಯುತ್ತದೆಯೆಂಬುದನ್ನು ಒಂದು ಗಂಟೆಯ ಕಾಲ ಬೇಸರವಿಲ್ಲದೆ ವಿವರಿಸುತ್ತಿದ್ದನು. ‘ನಿನಗೆ ಗುಂಪು ಹಿತವೋ, ಏಕಾಂತ ಹಿತವೋ?’ ಎಂದು ಕೇಳಿದಾಗ ಅವನು, ‘ಎಷ್ಟು ಜನ ಸಾರ್? ಒಳಗೋ ಹೊರಗೋ? ಗಂಟೆ ಹೊಡೆಯುತ್ತಾರೆಯೆ?’ ಎಂದು ಮರುಪ್ರಶ್ನೆ ಹಾಕಿದನು. ಯಾವ ತಾರ್ಕಿಕನೂ ಇದಕ್ಕಿಂತ ಚೆನ್ನಾಗಿ ಉಪಾಧಿಯನ್ನು ತೋರಿಸಲಾರನು. ಅವನಿಗೆ ಬೇಡವಾದದ್ದು ಮನುಷ್ಯರಲ್ಲ, ಗಂಟೆಯ ಸದ್ದು. ಪರೀಕ್ಷಾಪತ್ರಿಕೆಯು ಈ ಭೇದವನ್ನು ಕೇಳುವುದೇ ಇಲ್ಲ.

ಎರಡನೆಯದು ಭಾಷೆಯ ತೊಡಕು. ‘ಸಾಮಾನ್ಯವಾಗಿ’, ‘ಅನೇಕ ವೇಳೆ’, ‘ಬಹುಮಟ್ಟಿಗೆ’ ಎಂಬ ಸಡಿಲವಾದ ಮಾತುಗಳನ್ನು ನಾವು ಸಡಿಲವಾಗಿಯೇ ಗ್ರಹಿಸಿ ಉತ್ತರಿಸಿಬಿಡುತ್ತೇವೆ. ಶಬ್ದವನ್ನು ಅದರ ವಾಚ್ಯಾರ್ಥದಲ್ಲಿಯೇ ನಿಷ್ಠೆಯಿಂದ ಹಿಡಿಯುವವನಿಗೆ ಇಂಥ ಪ್ರಶ್ನೆಗೆ ಉತ್ತರವೇ ಇಲ್ಲ. ಇದ್ದರೂ ಅದು ‘ಸಂದರ್ಭವನ್ನು ಅನುಸರಿಸುತ್ತದೆ’ ಎಂಬುದು. ಆ ಉತ್ತರಕ್ಕೆ ಪತ್ರಿಕೆಯಲ್ಲಿ ಸ್ಥಳವಿಲ್ಲ. ಮೇಲಾಗಿ, ತನ್ನಲ್ಲಿ ಈಗ ಹುಟ್ಟಿರುವ ಭಾವವು ಕೋಪವೋ, ಭಯವೋ, ಆಯಾಸವೋ ಎಂದು ಗುರುತಿಸಿ ಹೆಸರಿಡುವುದೇ ಆಟಿಸಂ ಉಳ್ಳವರಲ್ಲಿ ಅನೇಕರಿಗೆ ಕಷ್ಟ. ಅಂಥವರನ್ನು ‘ನೀನು ಭಾವಪ್ರಧಾನನೋ, ವಿಚಾರಪ್ರಧಾನನೋ?’ ಎಂದು ಕೇಳಿ, ಬಂದ ಉತ್ತರದಿಂದ ಅವರಲ್ಲಿ ಭಾವವೇ ಇಲ್ಲವೆಂದು ನಿರ್ಣಯಿಸುವುದು, ಲೆಕ್ಕ ಬಾರದವನಲ್ಲಿ ಹಣವೇ ಇಲ್ಲವೆಂದು ಹೇಳಿದಂತೆ.

ಮೂರನೆಯದು ವೇಷದ ತೊಡಕು. ಚಿಕ್ಕಂದಿನಿಂದ ‘ಕಣ್ಣಿಟ್ಟು ನೋಡು, ನಗು, ಕೈ ಅಲ್ಲಾಡಿಸಬೇಡ’ ಎಂದು ಗದರಿಸಿಕೊಂಡು ಬೆಳೆದವರು, ವಿಶೇಷವಾಗಿ ಹೆಣ್ಣುಮಕ್ಕಳು, ಇತರರ ನಡತೆಯನ್ನು ನೋಡಿ ನೋಡಿ ಕಲಿತು, ಒಂದು ವೇಷವನ್ನು ಧರಿಸಿ ಬಾಳುತ್ತಾರೆ. ನಟನು ರಾತ್ರಿ ಆಟ ಮುಗಿದ ಮೇಲೆ ಬಣ್ಣವನ್ನು ಒರಸಿಕೊಳ್ಳುತ್ತಾನೆ. ಇವರಿಗೆ ಬಣ್ಣ ಒರಸುವ ಹೊತ್ತೇ ಬರುವುದಿಲ್ಲ. ಅದರ ಆಯಾಸವು ಎಷ್ಟೆಂಬುದನ್ನು ಅವರೇ ಬಲ್ಲರು. ಇಂಥವರು ‘ನೀನು ಹೇಗೆ ನಡೆದುಕೊಳ್ಳುತ್ತೀಯೆ?’ ಎಂಬ ಪ್ರಶ್ನೆಗೆ ಸತ್ಯವಾಗಿ ಉತ್ತರಿಸಿದರೂ ಉತ್ತರವು ವೇಷಕ್ಕೆ ಸೇರಿದ್ದು, ವೇಷಧಾರಿಗೆ ಸೇರಿದ್ದಲ್ಲ. ಪರೀಕ್ಷಕನ ಕೈಗೆ ಸಿಕ್ಕುವುದು ಬಣ್ಣದ ಲಕ್ಷಣ ಮಾತ್ರ.

ಇದರಿಂದ ಆಗತಕ್ಕ ಕೇಡು ಕಲ್ಪನೆಯದಲ್ಲ. ಸ್ವಭಾವವನ್ನಲ್ಲದಿದ್ದರೂ ಸಂದರ್ಭೋಚಿತ ವಿವೇಚನೆಯನ್ನು ಅಳೆಯುವ, ಇದೇ ಜಾತಿಯ ಒಂದು ಬಹೂತ್ತರ ಪರೀಕ್ಷೆಯ ವಿಷಯದಲ್ಲಿ ಇಂಗ್ಲೆಂಡಿನಲ್ಲಿ ನಡೆದ ಒಂದು ವ್ಯಾಜ್ಯವು ಪ್ರಸಿದ್ಧವಾಗಿದೆ. ಆಸ್ಪರ್ಗರನ ಹೆಸರಿನಿಂದ ಕರೆಯಲಾಗುತ್ತಿದ್ದ ಬಗೆಯ ಆಟಿಸಂ ಉಳ್ಳ ಒಬ್ಬ ಮಹಿಳೆಯು ೨೦೧೫ರಲ್ಲಿ ಸರ್ಕಾರದ ಕಾನೂನು ಇಲಾಖೆಯ ಶಿಕ್ಷಾರ್ಥಿ ವಕೀಲರ ಹುದ್ದೆಗೆ ಅರ್ಜಿ ಹಾಕಿದರು. ಕೊಟ್ಟ ಉತ್ತರಗಳಲ್ಲಿ ಒಂದನ್ನು ಆರಿಸುವುದರ ಬದಲು, ತನ್ನ ಉತ್ತರವನ್ನು ಕೆಲವು ವಾಕ್ಯಗಳಲ್ಲಿ ಬರೆದುಕೊಡಲು ಅವಕಾಶವಿರಲಿ ಎಂದು ಮೊದಲೇ ಬೇಡಿಕೊಂಡರು. ಇಲಾಖೆಯು ಬೇರೆ ಕ್ರಮವಿಲ್ಲವೆಂದಿತು. ತೇರ್ಗಡೆಗೆ ಇಪ್ಪತ್ತೆರಡಕ್ಕೆ ಹದಿನಾಲ್ಕು ಅಂಕಗಳು ಬೇಕಾಗಿದ್ದುವು. ಅವರಿಗೆ ಹನ್ನೆರಡು ಬಂದುವು. ನ್ಯಾಯಮಂಡಲಿಯು, ಎಲ್ಲರಿಗೂ ಒಂದೇ ಅಳತೆಗೋಲನ್ನು ಹಿಡಿದುದರಿಂದಲೇ ಇವರಿಗೆ ಅನ್ಯಾಯವಾಯಿತೆಂದು ತೀರ್ಪಿತ್ತು, ೮೬೦ ಪೌಂಡುಗಳ ಪರಿಹಾರವನ್ನೂ, ಕ್ಷಮಾಪಣೆಯ ಪತ್ರವನ್ನೂ, ಪರೀಕ್ಷಾಕ್ರಮದ ಪುನರ್ವಿಮರ್ಶೆಯನ್ನೂ ವಿಧಿಸಿತು. ೨೦೧೭ರಲ್ಲಿ ಮೇಲ್ಮನವಿಯಲ್ಲಿಯೂ ಅದೇ ನಿಂತಿತು. ಹಣವು ಅಲ್ಪ, ತತ್ತ್ವವು ದೊಡ್ಡದು. ಸಮಾನವಾದ ಅಳತೆಯೇ ನ್ಯಾಯವೆಂಬ ನಮ್ಮ ಅಭ್ಯಾಸಬಲದ ನಂಬಿಕೆಯನ್ನು ಅದು ಅಲುಗಿಸುತ್ತದೆ. ಕುಂಟನಿಗೂ ಓಟಗಾರನಿಗೂ ಒಂದೇ ಮೆಟ್ಟಿಲನ್ನು ತೋರಿಸಿ ‘ಬಾಗಿಲು ಎಲ್ಲರಿಗೂ ತೆರೆದಿದೆ’ ಎನ್ನುವುದು ಸಮತ್ವವಲ್ಲ.

ಇಲ್ಲಿ ಪೂರ್ವಪಕ್ಷಕ್ಕೆ ಸ್ಥಳ ಕೊಡಬೇಕು. ಆಕ್ಷೇಪವು ಎರಡು ಬಗೆಯದು. ಮೊದಲನೆಯದು: ಆಟಿಸಂ ಉಳ್ಳವರಲ್ಲಿಯೇ ಹಲವರು ಈ ಹದಿನಾರು ವರ್ಗಗಳಲ್ಲಿ ತಮ್ಮನ್ನು ಕಂಡುಕೊಂಡು ಸಮಾಧಾನ ಹೊಂದುತ್ತಾರೆ, ‘ನಾನು ಕೆಟ್ಟವನಲ್ಲ, ಬೇರೆ ಬಗೆಯವನು’ ಎಂಬ ಮಾತು ಅವರಿಗೆ ಮೊದಲು ದೊರೆತದ್ದು ಇಲ್ಲಿಯೇ, ಅದನ್ನು ಕಿತ್ತುಕೊಳ್ಳುವುದು ಕ್ರೌರ್ಯವಲ್ಲವೆ? ಎರಡನೆಯದು: ಆಟಿಸಂ ಎಂಬುದೂ ಒಂದು ವರ್ಗವೇ, ವೈದ್ಯರೂ ಪ್ರಶ್ನೆಗಳನ್ನು ಕೇಳಿ, ಅಂಕಗಳನ್ನು ಕೂಡಿಸಿಯೇ ಅದನ್ನು ನಿರ್ಣಯಿಸುತ್ತಾರೆ, ಅದರ ಎಲ್ಲೆಯೂ ಸ್ಥಿರವಲ್ಲ, ಆಸ್ಪರ್ಗರನ ಹೆಸರಿನ ಪ್ರತ್ಯೇಕ ವರ್ಗವನ್ನು ಅಮೆರಿಕೆಯ ವೈದ್ಯರು ೧೯೯೪ರಲ್ಲಿ ಸೇರಿಸಿ ೨೦೧೩ರಲ್ಲಿ ತೆಗೆದುಹಾಕಲಿಲ್ಲವೆ? ಒಂದು ಚೀಟಿಯನ್ನು ನಿಂದಿಸಿ ಇನ್ನೊಂದನ್ನು ಗೌರವಿಸುವುದು ಪಕ್ಷಪಾತವಲ್ಲವೆ?

ಮೊದಲನೆಯ ಆಕ್ಷೇಪದಲ್ಲಿ ತಿರುಳಿದೆ. ತಾನಾಗಿ ತೆಗೆದುಕೊಂಡ ಹೆಸರು ಕನ್ನಡಿಯಂತೆ. ಮುಖ ನೋಡಿಕೊಂಡು ಕೆಳಗಿಡಬಹುದು. ಇತರರು ಇಟ್ಟ ಹೆಸರು ಬೇಲಿಯಂತೆ. ಅದನ್ನು ಕಿತ್ತು ಹೊರಗೆ ಬರುವ ಅಧಿಕಾರವು ಒಳಗಿದ್ದವನಿಗಿಲ್ಲ. ಕನ್ನಡಿಯನ್ನು ಕಿತ್ತುಕೊಳ್ಳಿರೆಂದು ನಾವು ಹೇಳುವುದಿಲ್ಲ. ಆ ಕನ್ನಡಿಯನ್ನೇ ಬೇಲಿಯ ಗೂಟವಾಗಿ ನೆಡುವ ಉದ್ಯೋಗದಾತನನ್ನು ಕುರಿತದ್ದು ನಮ್ಮ ಆಕ್ಷೇಪ. ಬ್ರಿಗ್ಸ್-ಮೈಯರ್ಸ್ ಪ್ರಶ್ನಾವಳಿಯನ್ನು ಮಾರುವ ಸಂಸ್ಥೆಯೇ ಅದನ್ನು ಕೆಲಸಕ್ಕೆ ಜನರನ್ನು ಆರಿಸುವುದಕ್ಕೆ ಬಳಸಕೂಡದೆಂದು ಹೇಳುತ್ತಿರುವಾಗ, ಕೊಂಡವರು ಹೆಚ್ಚು ಭಕ್ತಿಯನ್ನು ತೋರುವುದು ವಿನೋದವೇ ಸರಿ.

ಎರಡನೆಯ ಆಕ್ಷೇಪಕ್ಕೆ ಉತ್ತರವನ್ನು ಹೆಸರಿನಲ್ಲಿ ಹುಡುಕದೆ ಹೆಸರಿನ ಫಲದಲ್ಲಿ ಹುಡುಕಬೇಕು. ಹೆಸರು ಯಾರ ಮೇಲೆ ಋಣವನ್ನು ಹೊರಿಸುತ್ತದೆ? ಇದೇ ನಿರ್ಣಾಯಕವಾದ ಪ್ರಶ್ನೆ. ನಮ್ಮ ದೇಶದಲ್ಲಿ ೧೯೯೯ರ ರಾಷ್ಟ್ರೀಯ ನ್ಯಾಸದ ಕಾಯಿದೆಯು ಆಟಿಸಂ ಉಳ್ಳವರ ಯೋಗಕ್ಷೇಮಕ್ಕೆ ವ್ಯವಸ್ಥೆಯನ್ನು ಮಾಡಿತು. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಇಪ್ಪತ್ತೊಂದು ಬಗೆಯ ವೈಕಲ್ಯಗಳಲ್ಲಿ ಇದನ್ನೂ ಎಣಿಸಿ, ಶಾಲೆಯೂ ಉದ್ಯೋಗಸ್ಥಾನವೂ ಇಂಥವರಿಗೆ ಯುಕ್ತವಾದ ಅನುಕೂಲಗಳನ್ನು ಮಾಡಿಕೊಡಬೇಕೆಂದು ವಿಧಿಸಿತು. ಅಂದರೆ ವೈದ್ಯನಿಟ್ಟ ಹೆಸರು ಸಮಾಜದ ಮೇಲೆ ಋಣವನ್ನು ಹೊರಿಸುತ್ತದೆ: ಗಂಟೆಯ ಸದ್ದನ್ನು ತಗ್ಗಿಸು, ಪ್ರಶ್ನೆಯನ್ನು ಸ್ಪಷ್ಟವಾಗಿ ಕೇಳು, ಉತ್ತರವನ್ನು ಬರೆದುಕೊಡಲು ಬಿಡು ಎಂದು ಅದು ಹೇಳುತ್ತದೆ. ಸ್ವಭಾವಪರೀಕ್ಷೆಯ ಹೆಸರಾದರೋ ಪರೀಕ್ಷಕನ ಮೇಲೆ ಯಾವ ಹೊಣೆಯನ್ನೂ ಹೊರಿಸುವುದಿಲ್ಲ. ‘ನೀನು ಇಂಥವನು, ಈ ಕೆಲಸಕ್ಕೆ ಹೊಂದುವವನಲ್ಲ’ ಎಂದು ಭಾರವನ್ನೆಲ್ಲ ಪರೀಕ್ಷಿತನ ತಲೆಯ ಮೇಲೆಯೇ ಇಡುತ್ತದೆ. ಹೊಂದಾಣಿಕೆಯೆಂಬುದು ಇಬ್ಬರ ನಡುವಣ ಸಂಬಂಧ. ಅದು ತಪ್ಪಿದಾಗ ಒಬ್ಬನನ್ನೇ ಅಳೆಯುವುದು ನ್ಯಾಯವಲ್ಲ. ಡೇಮಿಯನ್ ಮಿಲ್ಟನ್ ಎಂಬ, ತಾನೂ ಆಟಿಸಂ ಉಳ್ಳ ವಿದ್ವಾಂಸನು ೨೦೧೨ರಲ್ಲಿ ಇದನ್ನೇ ಪ್ರತಿಪಾದಿಸಿದನು: ಅವರು ನಮ್ಮನ್ನು ಅರಿಯಲಾರರೆಂಬುದು ಎಷ್ಟು ನಿಜವೋ, ನಾವು ಅವರನ್ನು ಅರಿಯಲಾರೆವೆಂಬುದೂ ಅಷ್ಟೇ ನಿಜ ಎಂಬುದು ಅವನ ವಾದದ ತಾತ್ಪರ್ಯ.

ಇದು ಪರದೇಶದಿಂದ ಬಂದ ದೋಷ, ನಮ್ಮ ಹಿರಿಯರಲ್ಲಿ ಇರಲಿಲ್ಲವೆಂದು ಯಾರೂ ಬೀಗಬೇಕಾಗಿಲ್ಲ. ನಮ್ಮಲ್ಲಿ ಎರಡು ಮಾದರಿಗಳೂ ಉಂಟು. ಚರಕಸಂಹಿತೆಯು ರೋಗಿಯನ್ನು ಹತ್ತು ವಿಧವಾಗಿ ಪರೀಕ್ಷಿಸಬೇಕೆನ್ನುತ್ತದೆ. ವಾತಪಿತ್ತಾದಿ ಪ್ರಕೃತಿಯು ಆ ಹತ್ತರಲ್ಲಿ ಒಂದು ಮಾತ್ರ. ಸತ್ತ್ವ, ಸಾತ್ಮ್ಯ, ವಯಸ್ಸು, ಆಹಾರಶಕ್ತಿ ಮೊದಲಾದ ಉಳಿದವುಗಳನ್ನು ವೈದ್ಯನು ರೋಗಿಯ ಎದುರಿನಲ್ಲಿ ಕುಳಿತು ಕಂಡುಕೊಳ್ಳಬೇಕು. ಕಂಡುಕೊಂಡ ಮೇಲೆ ಅವನಿಗೆ ಹಿತವಾದುದನ್ನು ಮಾಡಬೇಕು. ಇದು ಉತ್ತಮವಾದ ಮಾದರಿ. ಇನ್ನೊಂದೂ ಉಂಟು. ಸಾಂಖ್ಯರು ಮೂರು ಗುಣಗಳೂ ಎಲ್ಲರಲ್ಲಿಯೂ ಬೆರೆತಿವೆಯೆಂದು ಹೇಳಿದ್ದರೂ, ಗುಣಕರ್ಮಗಳ ಹೆಸರಿನಲ್ಲಿ ಹೊರಟ ವಿಭಾಗವು ಹುಟ್ಟಿನ ವಿಭಾಗವಾಗಿ ಗಟ್ಟಿಯಾಯಿತು. ಯಾವ ಮಗುವನ್ನೂ ನೋಡದೆಯೇ, ಅದರ ಗುಣವನ್ನು ತೊಟ್ಟಿಲಿನಲ್ಲಿಯೇ ನಿರ್ಣಯಿಸುವ ದುಷ್ಕ್ರಮವು ಎಷ್ಟು ಜನರ ಬಾಳನ್ನು ನುಂಗಿತೆಂಬುದಕ್ಕೆ ನಮ್ಮ ಚರಿತ್ರೆಯೇ ಸಾಕ್ಷಿ. ವರ್ಗವು ವ್ಯಕ್ತಿಗಿಂತ ಮೊದಲು ಬಂದರೆ ಏನಾಗುತ್ತದೆಂಬುದನ್ನು ನಾವು ಪುಸ್ತಕದಿಂದ ಕಲಿಯಬೇಕಾಗಿಲ್ಲ.

ಆದುದರಿಂದ ಮನುಷ್ಯರಿಗೆ ಹೆಸರಿಡುವವರು ಮೂರು ನಿಯಮಗಳನ್ನು ಪಾಲಿಸತಕ್ಕದ್ದೆಂದು ನಮ್ಮ ಅಭಿಪ್ರಾಯ. ಹೆಸರಿಡುವ ಮೊದಲು ಉಪಾಧಿಯನ್ನು ವಿಚಾರಿಸಬೇಕು. ನಡತೆಯನ್ನು ಮಾತ್ರ ಕಂಡು ಕಾರಣವನ್ನು ಊಹಿಸಬಾರದು. ಹೆಸರಿಟ್ಟ ಮೇಲೆ ಆ ಹೆಸರು ತಮ್ಮ ಮೇಲೆ ಹೊರಿಸುವ ಹೊಣೆಯನ್ನು ಹೊರಬೇಕು. ಹೊರಲು ಸಿದ್ಧರಲ್ಲದವರಿಗೆ ಹೆಸರಿಡುವ ಅಧಿಕಾರವಿಲ್ಲ. ಲಕ್ಷಣವೂ ಲಕ್ಷ್ಯವೂ ಹೊಂದದಿದ್ದಾಗ ಲಕ್ಷಣವನ್ನು ತಿದ್ದಬೇಕೇ ಹೊರತು ಮನುಷ್ಯನನ್ನು ತಿದ್ದಹೊರಡಬಾರದು. ತಾಯಿತಂದೆಗಳೂ ಉಪಾಧ್ಯಾಯರೂ ಇದಕ್ಕೆ ಯಾವ ಪರೀಕ್ಷಾಪತ್ರಿಕೆಯನ್ನೂ ಕೊಂಡು ತರಬೇಕಾಗಿಲ್ಲ. ಮೂಲೆಯಲ್ಲಿ ನಿಂತ ಮಗುವನ್ನು ‘ಮೂಕ’, ‘ಗರ್ವಿ’, ‘ಮೊಂಡ’ ಎಂದು ಕರೆಯುವುದಕ್ಕೆ ಮೊದಲು ಅದರ ಬಳಿ ಕುಳಿತು ‘ಏನು ಕೇಳಿಸುತ್ತಿದೆ?’ ಎಂದು ಕೇಳುವಷ್ಟು ತಾಳ್ಮೆ ಸಾಕು. ಉತ್ತರವು ಮಾತಿನಲ್ಲಿಯೇ ಬರಬೇಕೆಂಬ ನಿಯಮವಿಲ್ಲ. ಬರುವವರೆಗೆ ಕಾಯುವುದು ನಮ್ಮ ಪಾಲಿನ ಧರ್ಮ.